ಯಾಕೆ ಅಂತ ಕೇಳಬಾರದು

"ನಿನ್ನ ಕೈ ಹಿಡೀಲಾ?" ಎಂದು ಕೇಳಿದ ಮಧುಕರ್.

"ಹೂಂ," ಎಂದಳು ಗಾರ್ಗಿ.

"ಸೊಂಟದ ಮೇಲೆ ಕೈ ಇಡ್ಲಾ?"

"ಇಡು."

"ಮುತ್ತು?"

ಈ ಪ್ರಶ್ನೆ ಬಂದಾಗಲೆಲ್ಲ ಗಾರ್ಗಿ ಅವನ ಕಣ್ಣು ತಪ್ಪಿಸಿ, ಅಂಟಿಸಿಕೊಂಡಿದ್ದ ಮೀಸೆಯನ್ನೇ ನೋಡುತ್ತಿದ್ದಳು. ಎಡಗಡೆಯ ತುದಿ ಯಾವಾಗಲೂ ಸ್ವಲ್ಪ ಎದ್ದಿರುತ್ತಿತ್ತು. ಬೆರಳಿನಿಂದ ಒತ್ತಿ ಸರಿಮಾಡಬೇಕೆನಿಸುತ್ತಿತ್ತು. ಮಾಡುತ್ತಿರಲಿಲ್ಲ.

"ಕೊಡು," ಎಂದಳು.

"ಗ್ರೇಟ್, ಥ್ಯಾಂಕ್ಯೂ ಬೋತ್," ಎಂದಳು ಸ್ಟೇಜ್ ಮ್ಯಾನೇಜರ್ ಲಾಸ್ಯಾ.

ರೆಡ್‌ವುಡ್ ಸಿಟಿಯ ಆ ಥಿಯೇಟರಿನಲ್ಲಿ ಇದು ಕಟ್ಟುನಿಟ್ಟಾದ ಪದ್ಧತಿ. ರಂಗದ ಮೇಲೆ ಮುಟ್ಟಿಕೊಳ್ಳುವವರು ಪ್ರತಿ ಶೋಗೆ ಮುಂಚೆ ಸ್ಟೇಜ್ ಮ್ಯಾನೇಜರ್ ಎದುರು ನಿಂತು, ಒಂದೊಂದು ಸ್ಪರ್ಶಕ್ಕೂ ಬಾಯಿಬಿಟ್ಟು ಒಪ್ಪಿಗೆ ಕೇಳಬೇಕು. ಬೇಡ ಎಂದರೆ ಬೇಡ. ಅವತ್ತಿನ ಮಟ್ಟಿಗೆ ಬೇರೆ ಏನಾದರೂ ಮಾಡುತ್ತಾರೆ. ಯಾಕೆ ಅಂತ ಮಾತ್ರ ಯಾರೂ ಕೇಳಬಾರದು.

"ಗಂಡ ಹೆಂಡತಿಗೂ ಬೇಕೇನಮ್ಮ ಇದು?" ಎಂದು ಮೊದಲ ದಿನ ಮಧುಕರ್ ನಕ್ಕಿದ್ದ.

"ಎಸ್ಪೆಷಲಿ ಗಂಡ ಹೆಂಡತಿ, ಅಂಕಲ್," ಎಂದಿದ್ದಳು ಲಾಸ್ಯಾ. ಈ ದೇಶದಲ್ಲೇ, ಹತ್ತಿರದ ಹೇವರ್ಡಿನಲ್ಲಿ ಹುಟ್ಟಿದವಳು; ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವುದು ಕಡಿಮೆ. "ಯು ಕ್ಯಾನ್ ಡೂ ಇಟ್ ಇನ್ ಕನ್ನಡ. ಐ'ಲ್ ಫಾಲೋ."

ಅದೇ ಕಷ್ಟವಾದದ್ದು. ಇಂಗ್ಲಿಷಿನಲ್ಲಿ ಆ ಪ್ರಶ್ನೆಗಳು ಫ್ರೀವೇ ಬದಿಯ ಬೋರ್ಡುಗಳ ಹಾಗೆ ತಣ್ಣಗೆ ನಿಂತಿದ್ದವು. ಕನ್ನಡದಲ್ಲಿ ಕೇಳಿದರೆ ಗಾರ್ಗಿಗೆ ಕಿವಿಯ ಹಿಂದೆ ಬಿಸಿಯೇರುತ್ತಿತ್ತು.

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಹಾಸ್ಯ ನಾಟಕವನ್ನು ನಿರ್ದೇಶಕರು ಹಳೆಯ ಬೆಂಗಳೂರು ಕಂಟೋನ್ಮೆಂಟಿಗೆ ತಂದಿದ್ದರು. ಒಂದು ಡ್ರಾಯಿಂಗ್ ರೂಮು, ಟೀ ಕಪ್ಪುಗಳು, ಎಲ್ಲರೂ ಎಲ್ಲರಿಗೂ ಅತಿ ಮರ್ಯಾದೆಯಿಂದ ಹೇಳುವ ಸುಳ್ಳುಗಳು. ಕೊನೆಗೆ ನಾಯಕ ಮಂಡಿಯೂರುತ್ತಾನೆ, ನಾಯಕಿ ಒಪ್ಪುತ್ತಾಳೆ, ಮುತ್ತು, ಪರದೆ. ಜನ ಬಿದ್ದು ಬಿದ್ದು ನಗುತ್ತಿದ್ದರು.

ಆ ನಾಯಕ ನಾಯಕಿ ಬೇರೆ ಬೇರೆ ಕಾರುಗಳಲ್ಲಿ ಬರುತ್ತಿದ್ದದ್ದು ಥಿಯೇಟರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಧುಕರ್ ತನ್ನದನ್ನು ಎದುರಿನ ಗ್ರೋಸರಿ ಅಂಗಡಿಯ ಹಿಂದೆ ನಿಲ್ಲಿಸುತ್ತಿದ್ದ. ರಿಹರ್ಸಲ್ಲು ಶುರುವಾದ ಮೇಲೆ ಅವನು ಹೇವರ್ಡಿನಲ್ಲಿ ಒಂದು ರೂಮು ಹಿಡಿದಿದ್ದ. ನಡುವೆ ಬಿಟ್ಟರೆ ಉಳಿದವರಿಗೆ ತೊಂದರೆ ಎಂದು ಇಬ್ಬರೂ ಪಾತ್ರ ಬಿಟ್ಟಿರಲಿಲ್ಲ. ಭಾನುವಾರ ಕೊನೆಯ ಶೋ. ಸೋಮವಾರ ವಕೀಲರು. ಅಲ್ಲಿಗೆ ಮದುವೆಯೂ ಮುಗಿಯುತ್ತಿತ್ತು.

ಜಗಳವೇನೂ ಆಗಿರಲಿಲ್ಲ. ಹಿಂದಿನ ವರ್ಷ, ಏಳನೆಯ ತಿಂಗಳಲ್ಲಿ, ಮಗು ಹೊಟ್ಟೆಯೊಳಗೇ ತೀರಿಕೊಂಡಿತು. ಆಮೇಲೆ ಮನೆಯಲ್ಲಿ ಇಬ್ಬರೂ ಮೆಲ್ಲಗೆ ಓಡಾಡಿದರು. ಮಧುಕರ್ ಅನ್ನ ಬಿಸಿಮಾಡಿ ಕೊಟ್ಟ, ಮಗುವಿಗೆಂದು ತಂದ ಸಾಮಾನೆಲ್ಲ ಅವಳಿಲ್ಲದಾಗ ಸಾಗಿಸಿದ. ಒಮ್ಮೆ ಅವನು ಹತ್ತಿರ ಬಂದಾಗ ಗಾರ್ಗಿ "ಬೇಡ" ಎಂದಳು. "ಪರವಾಗಿಲ್ಲ," ಎಂದು ಅವನು ದಿಂಬು ತೆಗೆದುಕೊಂಡು ಹಾಲಿಗೆ ಹೋದ. ಅಲ್ಲಿಂದ ಮುಂದೆ ಅವರ ನಡುವೆ ಉಳಿದದ್ದು ಸಾರಿ, ಥ್ಯಾಂಕ್ಸ್, ನಿನ್ನಿಷ್ಟ. ಅವನು ಇನ್ನೊಂದು ಮಾತು ಕೇಳಲೆಂದು ಅವಳು ಕಾದಳು. ಕಾಯುತ್ತಿದ್ದೇನೆಂದು ಅವನಿಗೆ ಹೇಳಲಿಲ್ಲ.

ಶನಿವಾರದ ಶೋನಲ್ಲಿ ಗಾರ್ಗಿಯ ಕೈ ಒಂದು ತಪ್ಪು ಮಾಡಿತು. ಮುತ್ತು ಮುಗಿದು ಹಿಂದೆ ಸರಿಯಬೇಕಾದ ಹೊತ್ತಿಗೆ ಅವನ ಕೋಟಿನ ಕಾಲರ್ ಹಿಡಿದು ನಿಂತುಬಿಟ್ಟಿತು. ಒಂದೇ ಉಸಿರಿನಷ್ಟು ಹೊತ್ತು. ಮಧುಕರನ ಕಣ್ಣು ಅರಳಿದ್ದನ್ನು ಅವಳು ನೋಡಿದಳು. ಜನ "ಹೋ" ಎಂದರು. ಮನೆಗೆ ಹೋದ ಮೇಲೂ ಆ ಒರಟು ವೆಲ್ವೆಟ್ಟು ಅವಳ ಬೆರಳುಗಳಲ್ಲೇ ಇತ್ತು.

ಭಾನುವಾರ ಮಧ್ಯಾಹ್ನ ಮತ್ತೆ ಎದುರುಬದುರು ನಿಂತರು. ಕೈ ಆಯಿತು, ಸೊಂಟ ಆಯಿತು.

"ಮುತ್ತು?"

"ಬೇಡ."

ಲಾಸ್ಯಾ ತಲೆಯೆತ್ತಿದಳು. "ಓಕೆ. ಟುಡೇ ವಿ'ಲ್ ಕಿಸ್ ದ ಗ್ಲವ್. ಓಕೆ ಆಂಟಿ? ಓಕೆ ಅಂಕಲ್?"

"ಪರವಾಗಿಲ್ಲ," ಎಂದ ಮಧುಕರ್, ದಿಂಬು ತೆಗೆದುಕೊಂಡು ಹೋದ ದಿನದ ಅದೇ ಸ್ವರದಲ್ಲಿ. ಗಾರ್ಗಿ ಕೈಗವಸು ಎಳೆದು ಹಾಕಿಕೊಂಡಳು.

ಕೊನೆಯ ದೃಶ್ಯದಲ್ಲಿ ಅವನು ತಲೆ ಬಾಗಿಸಿ ಅವಳ ಕೈಗವಸಿಗೆ ತುಟಿ ತಾಗಿಸಿದ. ಎಷ್ಟು ಹಗುರವಾಗಿ ಎಂದರೆ, ಬಟ್ಟೆಯ ಒಳಗಿನ ಚರ್ಮಕ್ಕೆ ಏನೂ ತಿಳಿಯಲಿಲ್ಲ. ಅವತ್ತು ಜನ ಎಲ್ಲ ದಿನಕ್ಕಿಂತ ಹೆಚ್ಚು ನಕ್ಕರು.

ಶೋ ಮುಗಿದದ್ದೇ ತಡ, ರಂಗದ ಮೇಲೆ ಡ್ರಿಲ್ಲುಗಳು ಸದ್ದು ಮಾಡಿದವು. ಡ್ರಾಯಿಂಗ್ ರೂಮಿನ ಗೋಡೆಗಳನ್ನು ಕಳಚಿ ಒರಗಿಸುತ್ತಿದ್ದರು. ಗ್ರೀನ್ ರೂಮಿನಲ್ಲಿ ಮಧುಕರ್ ಕೋಟು ಕಳಚಿ ತೋಳಿನ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ಕೂತಿದ್ದ. ಉಳಿದವರೆಲ್ಲ ಸೆಟ್ಟು ಬಿಚ್ಚಲು ಹೋಗಿದ್ದರು.

"ನಾಳೆ ಹತ್ತು ಗಂಟೆಗಲ್ವಾ?" ಎಂದ.

"ಹೂಂ."

"ಲಾಸ್ ಆಲ್ಟೋಸಲ್ಲಿ ವಕೀಲರ ಆಫೀಸ್ ಹತ್ರ ಪಾರ್ಕಿಂಗ್ ಸಿಗಲ್ಲ. ನಾನೇ ಬಂದು ಕರ್ಕೊಂಡು ಹೋಗ್ಲಾ? ಸುಮ್ನೆ ಎರಡು ಕಾರು ಯಾಕೆ?"

"ಡೈವೋರ್ಸಿಗೆ ಕಾರ್‌ಪೂಲಾ?"

"ಕಾರಲ್ಲಿ ಇಬ್ಬರಿದ್ದೋರಿಗೆ ಬೇರೆ ಲೇನ್, ಖಾಲಿ ಇರುತ್ತೆ ಕಣೇ, ಬೇಗ ಹೋಗ್ಬಹುದು."

ಗಾರ್ಗಿಗೆ ನಗು ಬಂತು. ಅವನಿಗೂ ಬಂತು. ಇಬ್ಬರೂ ಒಟ್ಟಿಗೆ ನಕ್ಕು ಎಷ್ಟೋ ಕಾಲವಾಗಿತ್ತು.

"ನೀನು ಯಾಕೆ ಅಂತ ಯಾವತ್ತೂ ಕೇಳಲ್ಲ, ಮಧು."

"ಕೇಳಬಾರ್ದು ಅಂತ ರೂಲ್ ಅಲ್ವಾ?"

"ಮನೇಲೂನಾ?"

ಅವನು ಕನ್ನಡಿಯಿಂದ ಮುಖ ತಿರುಗಿಸಿದ. ಅಂಟು ಮೀಸೆ, ಬೆವರಿಗೆ ಇಳಿದ ಪೌಡರು. "ಕೇಳಿದ್ರೆ ನೀನು ಹೇಳ್ಬಿಡ್ತೀಯ ಅಂತ ಭಯ. ಅವತ್ತು ಆಸ್ಪತ್ರೇಲಿ ನರ್ಸು ನಮ್ಮ ಮಗಳನ್ನ ತಂದಾಗ, ಅಮ್ಮಂಗೆ ಫೋನ್ ಮಾಡ್ಬೇಕು ಅಂತ ನಾನು ಹೊರಗೆ ಹೋದೆ. ಫೋನ್ ಮಾಡ್ಲಿಲ್ಲ ಕಣೇ. ಲಿಫ್ಟ್ ಹತ್ರ ನಿಂತಿದ್ದೆ ಅಷ್ಟೇ."

"ಗೊತ್ತು."

"ಗೊತ್ತಾ?"

"ನೀನು ಫೋನ್ ನನ್ನ ಮಂಚದ ಮೇಲೇ ಬಿಟ್ಟು ಹೋಗಿದ್ದೆ ಕಣೋ."

ಹೊರಗೆ ಯಾವುದೋ ಗೋಡೆ ದೊಪ್ಪನೆ ಬಿತ್ತು.

"ಇವತ್ತು ಬೇಡ ಅಂದ್ಯಲ್ಲ," ಎಂದ ಕೊನೆಗೆ, ಒಂದೊಂದೇ ಪದ ತಡಕಿ. "ಯಾಕೆ?"

"ನಿನ್ನೆ ನಂಗೆ ಬೇಕು ಅನ್ನಿಸ್ತು. ನಿಜವಾಗ್ಲೂ. ಆಮೇಲೆ ಅಷ್ಟು ಜನರ ಮುಂದೆ, ಸುಳ್ಳಿಗೆ, ನಿನ್ನ ಕೈಲಿ ಮುತ್ತು ಕೊಡಿಸ್ಕೊಳ್ಳೋಕೆ ಆಗ್ಲಿಲ್ಲ." ಅವಳು ಉಸಿರು ತೆಗೆದುಕೊಂಡಳು. "ಮನೇಲಿ ಬೇಡ ಅಂದಿದ್ದು ಬೇರೆ ಮಧು. ನಾನೊಬ್ಳೇ ಅವಳನ್ನ ನೋಡಿದ್ದು. ಅದನ್ನ ಒಳಗಿಟ್ಕೊಂಡು ನಿನ್ನ ಮುಟ್ಟೋಕೆ ಆಗ್ತಿರ್ಲಿಲ್ಲ."

ಮಧುಕರ್ ಅವಳ ಕಡೆಗೆ ಪೂರ್ತಿ ತಿರುಗಿ ಕೂತ. ಆಮೇಲೆ ಕೇಳಿದ, "ಹೇಗಿದ್ಲು?"

ಗಾರ್ಗಿ ಅವನ ತೋಳಿನ ಮೇಲಿದ್ದ ಕೋಟು ತೆಗೆದುಕೊಂಡಳು. ಮೇಜಿನ ಮೇಲೆ ಹರಡಿ, ತೋಳುಗಳನ್ನು ಒಳಗೆ ಮಡಿಸಿ, ಮೆಲ್ಲಗೆ ಸುತ್ತಿದಳು. ಉದ್ದ ನೋಡಿದಳು, ಇನ್ನೊಂದು ಮಡಿಕೆ ಹಾಕಿದಳು.

"ಇಷ್ಟೇ ಇದ್ಲು," ಎಂದು ಅವನ ಕೈಗೆ ಕೊಟ್ಟಳು. "ಕಿವಿ ನಿನ್ನವೇ. ಹಣೆ ಸುಕ್ಕು ಮಾಡ್ಕೊಂಡಿದ್ಲು, ಯಾರ ಮೇಲೋ ಕೋಪ ಇದ್ದ ಹಾಗೆ. ಹಾಗಲ್ಲ ಕಣೋ. ತಲೆ ಕೆಳಗೆ ಕೈ ಕೊಡು."

ಅವನು ತಲೆಯ ಕೆಳಗೆ ಕೈ ಕೊಟ್ಟ. ಭುಜಗಳು ಅಲುಗತೊಡಗಿದವು. ಗಾರ್ಗಿ ಪಕ್ಕದಲ್ಲಿ ಕೂತು ಅವನ ತೋಳಿಗೆ ಹಣೆಯಾನಿಸಿದಳು.

"ಅಂಕಲ್, ಕಾಸ್ಟ್ಯೂಮ್ಸ್ ರಿಟರ್ನ್..." ಎನ್ನುತ್ತಾ ಬಂದ ಲಾಸ್ಯಾ ಬಾಗಿಲಲ್ಲೇ ನಿಂತಳು. ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದಳು.

"ನಾಳೆ ವಕೀಲರು ಕಾಯ್ತಾರೆ," ಎಂದ ಮಧುಕರ್ ಬಹಳ ಹೊತ್ತಿನ ಮೇಲೆ.

"ಕಾಯ್ಲಿ ಬಿಡು," ಎಂದಳು ಗಾರ್ಗಿ. "ಕೂದಲೂ ಇತ್ತು ಗೊತ್ತಾ? ಹಿಂದುಗಡೆ, ಸ್ವಲ್ಪ."

ಅವಳು ಹೇಳುತ್ತಾ ಹೋದಳು. ಅವನು ಕೈ ಅಲುಗಿಸದೆ ಕೇಳಿದ.