ಮೂವತ್ನಾಲ್ಕು ಡಿಗ್ರಿ

ಪೆನ್ನು ಮರೆತು ಮಾಳಿಗೆಯಿಂದ ಇಳಿದು ಬಂದಿದ್ದಳು ಶೈಲಶ್ರೀ, ಅಷ್ಟೇ. ಬಾಗಿಲಲ್ಲೇ ಕಾಲು ನಿಂತವು. ಗುಮಾಸ್ತ ಕಾಂತು ಫೈಲುಗಳ ಕಪಾಟಿನ ಹಿಂದಿನಿಂದ ಹಳೆಯ ಕೂಲರನ್ನು ಎಳೆದು, ಅದರ ಹೊಟ್ಟೆಗೆ ಕೊಡದ ನೀರು ಸುರಿಯುತ್ತಿದ್ದ. ತಂಪು ಗಾಳಿ ನೇರವಾಗಿ ಅವಳ ಥರ್ಮಾಮೀಟರಿಗೆ ಬಡಿಯುತ್ತಿತ್ತು.

"ಇದೇನ್ರಿ ಇದು?"

ಕೊಡ ಕೈಜಾರಿತು. ನೀರೆಲ್ಲ ನೆಲದ ಪಾಲಾಯಿತು.

ಒಂದು ವಾರದಿಂದ ಮೂವತ್ತೆರಡು ಡಿಗ್ರಿ ಎಂದು ಹಿಗ್ಗಿ ಹೀರೇಕಾಯಿಯಾಗಿದ್ದಳಲ್ಲ, ಆ ಹಿಗ್ಗೆಲ್ಲ ಈ ಕೂಲರಿನದೇ!

ಬಸವನ ಬಾಗೇವಾಡಿಯ ಈ ಸಹಕಾರ ಸಂಘದ ಕಚೇರಿ ನಲವತ್ತು ವರ್ಷದ್ದು. ಬೇಸಿಗೆಯಲ್ಲಿ ಒಳಗೆ ಕೂತರೆ ಬೇಯುವುದೊಂದೇ ಬಾಕಿ. ಮ್ಯಾನೇಜರ್ ಶ್ರೀಶೈಲಪ್ಪ ಎಂಟು ಎ.ಸಿ. ಹಾಕಿಸಲು ಹೊರಟಾಗ ಎಂಜಿನಿಯರ್ ಶೈಲಶ್ರೀ ಅಡ್ಡ ನಿಂತಿದ್ದಳು. ಮಾಳಿಗೆಗೆ ಬಿಳಿ ಸುಣ್ಣ ಬಳಿದು, ಸಿಮೆಂಟು ಬಡಿದು ಮುಚ್ಚಿದ್ದ ಬೆಳಕಿಂಡಿಗಳನ್ನು ತೆರೆದು, ಕರೆಂಟು ನುಂಗುವ ಫ್ಯಾನುಗಳನ್ನು ಬದಲಿಸಿದರೆ ಸಾಕು, ಮೇ ತಿಂಗಳ ಮಧ್ಯಾಹ್ನವೂ ಒಳಗೆ ಮೂವತ್ನಾಲ್ಕು ದಾಟದು ಎಂದು ಮಾತು ಕೊಟ್ಟಿದ್ದಳು. ಗೆದ್ದರೆ ಇಂಡಿ, ಸಿಂದಗಿ, ಮುದ್ದೇಬಿಹಾಳದ ಶಾಖೆಗಳ ಕೆಲಸವೂ ಅವಳದೇ. ಸೋತರೆ ಗಂಟುಮೂಟೆ ಕಟ್ಟಿ ಬೆಳಗಾವಿಯ ಹೆಡ್ ಆಫೀಸಿಗೆ.

"ನೀವು ಸೋತ್ರ ಬೆಳಗಾವಿಗೆ ಹೋಕ್ಕೀರಲ್ರಿ," ಕಾಂತು ನೆಲ ನೋಡಿಕೊಂಡು ಹೇಳಿದ. "ಅದಕ್ಕ..."

ಇದೇ ಕಾಂತು ಎರಡು ತಿಂಗಳಿಂದ ಏಣಿ ಹಿಡಿದವನು, ಅವಳು ಹೇಳಿದ ಅಂಕಿ ಬರೆದುಕೊಂಡವನು. ಬರೆಯುತ್ತ ಬರೆಯುತ್ತ ಅವನ ಕಣ್ಣು ಪುಸ್ತಕ ಬಿಟ್ಟು ಎತ್ತ ಹೋಗುತ್ತಿತ್ತು ಎಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. "ಗಲ್ಲಕ್ಕ ಸುಣ್ಣ ಹತ್ತೇತ್ರಿ" ಎಂದು ಅವನು ನಾಚಿ ಹೇಳಿದಾಗ, "ಇರಲಿ ಬಿಡ್ರಿ, ನೋಡಾವ್ರಿಗೇನು ತ್ರಾಸ?" ಎಂದು ಕೆಣಕಿ, ಸಂಜೆಯವರೆಗೂ ಒರೆಸಿಕೊಳ್ಳದೆ ಓಡಾಡಿದವಳೂ ಅವಳೇ. ಅದಕ್ಕೇ ಈಗ ಸಿಟ್ಟು ನೆತ್ತಿಗೇರಿತು.

"ನಾ ಗೆಲ್ತೇನಿ ಅಂತ ನಿಮಗ ಒಂದೀಟೂ ನಂಬಿಗಿ ಇರಲಿಲ್ಲೇನ್ರಿ?" ವಾರದ ಅಂಕಿಗಳ ಹಾಳೆಯನ್ನು ಪರಪರನೆ ಹರಿದಳು. "ನಡೀರಿ, ಸಾಹೇಬ್ರಿಗೆ ಹೇಳೂಣು."

ಮ್ಯಾನೇಜರರ ಕೋಣೆಯಲ್ಲಿ ಅವಳಿಗಿಂತ ಮೊದಲು ಕಾಂತುವೇ ಬಾಯಿಬಿಟ್ಟ. "ತಪ್ಪು ನಂದ್ರಿ. ಮೇಡಮ್ಮಾರಿಗೆ ಗೊತ್ತಿರಲಿಲ್ಲ."

ಶ್ರೀಶೈಲಪ್ಪ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. "ಶುಕ್ರವಾರ ನನ್ನ ಕಣ್ಣ ಮುಂದ ಅಳೀರಿ. ಒಂದ ಸಲ, ಅಷ್ಟ."

ಮೂರು ದಿನ ಇಬ್ಬರೂ ಮಾಳಿಗೆಗೆ ಎರಡನೇ ಕೈ ಸುಣ್ಣ ಬಳಿದರು. "ಬಕೀಟು ಕೊಡ್ರಿ", "ತಗೋರಿ" ಎನ್ನುವುದರಾಚೆ ಮಾತಿಲ್ಲ.

ಶುಕ್ರವಾರ ಮಧ್ಯಾಹ್ನ ಹೊರಗೆ ನಲವತ್ತೆರಡು. ಒಳಗೆ ಕಾಂತು ಬಗ್ಗಿ ಥರ್ಮಾಮೀಟರ್ ನೋಡಿದ. ಮತ್ತೊಮ್ಮೆ ನೋಡಿದ. ಮುಖ ಬಿಳಿಚಿಕೊಂಡಿತು. ಆದರೂ ಪೆನ್ನು ತಡೆಯಲಿಲ್ಲ. ಮೂವತ್ತೈದು. ಅವಳನ್ನು ಬೆಳಗಾವಿಗೆ ಅಟ್ಟುವ ಅಂಕಿಯನ್ನು ಅವನೇ, ತನ್ನ ಕೈಯಾರೆ, ದುಂಡಗೆ ಬರೆದ. ಶೈಲಶ್ರೀಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂದು ಕಣ್ಣು ತುಂಬಿದವು.

"ಸೋತ್ರಲ್ಲವ್ವಾ," ಎಂದರು ಶ್ರೀಶೈಲಪ್ಪ.

"ಹೌದ್ರಿ, ಒಂದು ಡಿಗ್ರಿ. ಹೋದ ವರ್ಷ ಇದ ಖೋಲ್ಯಾಗ ಮೂವತ್ತೊಂಬತ್ತು ಇತ್ರಿ. ಪಡುವಣ ಕಿಡಕಿಗೆ ಬಿಸಲು ಬಡ್ಯಾಕತ್ತೇತಿ. ಅಲ್ಲಿ ಬಿದಿರ ತಟ್ಟಿ ಕಟ್ಟಸ್ತೇನಿ. ತಿಂಗಳ ಕೊನಿ ತನಕ ಟೈಮ್ ಕೊಡ್ರಿ. ಕೊಡೂತನಕ ನಾ ಇಲ್ಲಿಂದ ಏಳಾಂಗಿಲ್ಲ."

ಅವರು ಹಾಳೆ ಎತ್ತಿ ನೋಡಿದರು. "ಆ ಸುಳ್ಳ ಮೂವತ್ತೆರಡಕ್ಕಿಂತ ಈ ಖರೇ ಮೂವತ್ತೈದು ಚಲೋ ಐತಿ. ತಗೋರಿ ಟೈಮು."

ಅವರು ಹೋದ ಮೇಲೆ ಕಾಂತು ಮೆಲ್ಲಗೆ ಕೇಳಿದ. "ಆಗಲೂ ಮೂವತ್ನಾಲ್ಕಕ್ಕ ಇಳೀಲಿಲ್ಲಂದ್ರ, ಮೇಡಂ?"

"ಇಳೀಲಿಲ್ಲ ಅಂತ ಬರಿ." ಮೊದಲ ಬಾರಿಗೆ ಏಕವಚನ. "ಎ.ಸಿ. ಬರೂದು ಬಿಡೂದು ಆ ಅಂಕಿ ಮ್ಯಾಲೈತಿ. ನಾ ಇಲ್ಲಿ ಇರೂದು ಬಿಡೂದು ನೀ ಕೇಳೂದ್ರ ಮ್ಯಾಲೈತಿ, ಕಾಂತು. ಇನ್ನೂ ಎಷ್ಟ ದಿನ ಅಂಕಿ ಬರಕೋತ ಕುಂದರ್ತಿ?"

ಕಾಂತು ಪುಸ್ತಕ ಮುಚ್ಚಿದ. ಕಿವಿಯವರೆಗೂ ಕೆಂಪಾಗಿದ್ದ. "ಹಂಗಾರ ಕೇಳ್ತೇನಿ. ನನ್ನ ಮದುವಿ..."

"ಆಗ್ತೇನಿ," ಎಂದಳು, ಅವನು ಮುಗಿಸುವ ಮೊದಲೇ.