ಚಾರ್ಜರ್ ಸೇರಿ ಒಂದೂವರೆ ಕೆ.ಜಿ.

"ಬೇಡ, ಪರವಾಗಿಲ್ಲ, ನನ್ನ ಹತ್ರಾನೇ ಇರ್ಲಿ..."

ಅವಳು ಎಡಪಕ್ಕದಲ್ಲಿ ನಿಂತು ಹೇಳುತ್ತಿರುವಾಗಲೇ ಅಂಗಡಿಯ ಆ ಮನುಷ್ಯ ಅವಳ ಹೆಗಲಿನಿಂದ ಅರ್ಧ ಜಾರಿದ್ದ ಬ್ಯಾಗಿನ ಪಟ್ಟಿ ಹಿಡಿದು, ಎತ್ತಿ, ಕೌಂಟರಿನ ಮೇಲಿದ್ದ ತಕ್ಕಡಿಯ ಮೇಲೆ ಇಟ್ಟೇಬಿಟ್ಟ.

"ನಾಲ್ಕು ಕೆ.ಜಿ. ಇನ್ನೂರು ಗ್ರಾಂ," ಎಂದ. "ದಿನಾ ಇಷ್ಟು ಹೊರ್ತೀರಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೋಪ ಅವಳ ಮೂಗಿನ ತುದಿಯಲ್ಲೇ ಇರುವಂಥದ್ದು, ಹುಡುಕಿಕೊಂಡು ಹೋಗುವ ಅಗತ್ಯವೇ ಇರಲಿಲ್ಲ.

"ಬೇಡ ಅಂದ ಮೇಲೂ ಬ್ಯಾಗಿಗೆ ಕೈ ಹಾಕ್ತಾರಾ ಯಾರಾದ್ರೂ? ನಾನು ಲ್ಯಾಪ್‌ಟಾಪ್ ತಗೊಳ್ಳಕ್ಕೆ ಬಂದಿರೋದು, ತರಕಾರಿ ಮಾರಕ್ಕಲ್ಲ."

ಅವನು ಅವಳ ಕಡೆ ತಿರುಗಿ ಒಂದು ಕ್ಷಣ ಅವಳ ಮುಖವನ್ನೇ ನೋಡಿದ. ಎಷ್ಟು ಏಕಾಗ್ರತೆಯಿಂದ ನೋಡಿದನೆಂದರೆ, ಬೈಯುತ್ತಿದ್ದವಳಿಗೇ ಮುಂದಿನ ಮಾತು ಮರೆತುಹೋಯಿತು.

"ತಪ್ಪಾಯ್ತು," ಎಂದ. "ಬೇಡ ಅಂದಿದ್ದು... ಗಮನಿಸಲಿಲ್ಲ."

ಗಮನಿಸಲಿಲ್ಲವಂತೆ! ಎಂಥ ಕೊಬ್ಬು ಎಂದು ಅವಳು ಮನಸ್ಸಿನಲ್ಲೇ ಅವನಿಗೊಂದು ಪ್ರಮಾಣಪತ್ರ ಬರೆದು, ಸಹಿಯನ್ನೂ ಹಾಕಿದಳು. ಆ ಪತ್ರ ಎಷ್ಟು ತಪ್ಪು ಎಂದು ತಿಳಿಯಲು ಅವಳಿಗೆ ಒಂದು ತಿಂಗಳು ಬೇಕಾಯಿತು. ಅದೇ ನೋಡಿ ಈ ಕಥೆ.

ಗಲ್ಲಾದ ಹಿಂದೆ ಕೂತಿದ್ದ ಅಂಗಡಿಯೊಡತಿ ನಗುತ್ತಾ ಎದ್ದು ಬಂದಳು. ಅವನ ಸ್ವಂತ ಅಕ್ಕ. "ಬೇಜಾರು ಮಾಡ್ಕೋಬೇಡಿ. ಇವನನ್ನ ನಾವೆಲ್ಲ ತಕ್ಕಡಿ ಅಂತಾನೇ ಕರೆಯೋದು. ಯಾರೇ ಬಂದ್ರೂ ಮೊದಲು ತೂಕ ಹಾಕ್ತಾನೆ, ಆಮೇಲೆ ಮಾತು. ರಿಪೇರಿ ಇವನದು, ಮಾರೋದು ನಂದು. ಏನು ಬೇಕಿತ್ತು ಹೇಳಿ?"

"ಹಗುರ ಇರೋದು. ಇರೋದ್ರಲ್ಲೆಲ್ಲ ಹಗುರ."

ಹಾಗೆ ಹೇಳುವಾಗ ಅವಳ ಎಡಗೈ ತಾನಾಗಿಯೇ ಬಲ ಹೆಗಲನ್ನು ಒತ್ತಿಕೊಂಡಿತು. ಹಿಂದಿನ ದಿನವಷ್ಟೇ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ಹೀಗೇ ಭಾರ ಹೊತ್ತರೆ ಎರಡು ತಿಂಗಳಲ್ಲಿ ಈ ಕೈಯಲ್ಲಿ ಟೈಪ್ ಮಾಡುವುದನ್ನೇ ಮರೆತುಬಿಡಿ.

ಟೈಪ್ ಮಾಡುವುದೇ ಅವಳ ಬದುಕು. ಕಿವಿ ಕೇಳದವರ ಪಕ್ಕದಲ್ಲಿ ಕೂತು, ಎದುರಿಗಿರುವವರು ಆಡಿದ ಮಾತನ್ನೆಲ್ಲ ಆಡಿದ ಹಾಗೆಯೇ ಪರದೆಯ ಮೇಲೆ ಬೆರಳಚ್ಚಿಸುವುದು ಅವಳ ಕೆಲಸ. ಕಾಲೇಜು, ಆಸ್ಪತ್ರೆ, ಕಚೇರಿ... ಎಲ್ಲಿ ಕರೆದರೆ ಅಲ್ಲಿ. ಅವಳ ಅಮ್ಮ ಇಟ್ಟ ಹೆಸರನ್ನು ಎಲ್ಲರೂ ಬಿಟ್ಟು, ಅವಳನ್ನು ಟಕಟಕ ಎಂದೇ ಕರೆಯುತ್ತಿದ್ದರು. ಆ ಕೆಲಸಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಬೇರೆಯವರ ಮಾತು ಒಂದೂ ಬಿಡಬಾರದು, ತನ್ನ ಮಾತು ಒಂದೂ ಸೇರಿಸಬಾರದು. ಎಂಟು ವರ್ಷದಲ್ಲಿ ಅವಳು ತನ್ನದೆಂದು ಒಂದು ಅಕ್ಷರವನ್ನೂ ಆ ಪರದೆಯ ಮೇಲೆ ಬರೆದವಳಲ್ಲ.

"ಇದು ಕೊಡಿ," ಎಂದು ಕಪಾಟಿನಲ್ಲಿದ್ದ ತೀರಾ ತೆಳ್ಳಗಿನದೊಂದನ್ನು ತೋರಿಸಿದಳು. "ಒಂಬೈನೂರು ಗ್ರಾಂ ಅಂತ ಬರೆದಿದೆ."

"ಅದು ನಿಮಗೆ ಬೇಡ," ಎಂದ ತಕ್ಕಡಿ.

"ಯಾಕೆ?"

"ಏನು ಕೆಲಸ ನಿಮ್ದು?"

ಒಲ್ಲದ ಮನಸ್ಸಿನಿಂದಲೇ ಹೇಳಿದಳು. ಅವಳು ಹೇಳುತ್ತಾ ಹೋದಂತೆ ಅವನ ಮುಖದಲ್ಲಿ ಏನೋ ಬದಲಾಯಿತು. ಏನೆಂದು ಅವಳಿಗೆ ಗೊತ್ತಾಗಲಿಲ್ಲ. ಅವನು ಆ ತೆಳ್ಳಗಿನದನ್ನು ತೆಗೆದು, ತೆರೆದು, ಅವಳ ಎದುರಿಗಿಟ್ಟ.

"ಈಗ ಪಕ್ಕದ ಕುರ್ಚಿಗೆ ಹೋಗಿ ನೋಡಿ."

ಹೋಗಿ ನೋಡಿದಳು. ಪರದೆ ಪೂರಾ ಮಬ್ಬು. ಅಕ್ಷರ ಇದೆಯೋ ಇಲ್ಲವೋ ಎನ್ನುವ ಹಾಗಿತ್ತು.

"ನಿಮ್ಮ ಲ್ಯಾಪ್‌ಟಾಪ್ ನೋಡೋದು ನೀವಲ್ಲ, ನಿಮ್ಮ ಪಕ್ಕದಲ್ಲಿ ಕೂತವರು. ಪಕ್ಕದಿಂದ ಚೆನ್ನಾಗಿ ಕಾಣ್ಬೇಕು. ಕೀಲಿ ಸದ್ದು ಮಾಡಬಾರ್ದು, ಕ್ಲಾಸಲ್ಲಿ ಎಲ್ಲರೂ ತಿರುಗಿ ನೋಡ್ತಾರೆ. ಬೆಳಿಗ್ಗೆ ಚಾರ್ಜ್ ಮಾಡಿದ್ರೆ ಸಾಯಂಕಾಲದ ತನಕ ಬರ್ಬೇಕು. ಮತ್ತೆ ಈ ಡಬ್ಬದ ಮೇಲೆ ಬರೆಯೋ ತೂಕ ಇದೆಯಲ್ಲ, ಅದರಲ್ಲಿ ಚಾರ್ಜರ್ ಸೇರಿರಲ್ಲ. ಇದರ ಚಾರ್ಜರ್ ಒಂದೇ ಅರ್ಧ ಕೆ.ಜಿ.ಗೆ ಹತ್ರ ಇದೆ."

ಎಂಟು ವರ್ಷದಲ್ಲಿ ಅವಳ ಕೆಲಸವನ್ನು ಇಷ್ಟು ಬೇಗ ಅರ್ಥ ಮಾಡಿಕೊಂಡವರು ಯಾರೂ ಇರಲಿಲ್ಲ. ಕೋಪ ಇನ್ನೂ ಇತ್ತು, ಆದರೆ ಎಲ್ಲಿಟ್ಟಿದ್ದೆ ಎಂದು ಈಗ ಹುಡುಕಬೇಕಾಯಿತು.

ಅವನು ಹೇಳಿದ ಮಾದರಿ ಬರಲು ಎರಡು ವಾರವಿತ್ತು. ಚಾರ್ಜರ್ ಸೇರಿ ಒಂದೂವರೆ ಕೆ.ಜಿ. ಅಲ್ಲಿಯತನಕ ಅವನು ಅವಳ ಕೈಗೊಂದು ಬಟ್ಟೆ ಚೀಲ ಕೊಟ್ಟ. ಒಳಗೆ ಹಳೆಯ ಕಾಗದದ ಕಟ್ಟು, ಒಂದು ಡಬ್ಬಿ ತುಂಬ ಕಬ್ಬಿಣದ ನಟ್ಟುಗಳು. ಸರಿಯಾಗಿ ಒಂದೂವರೆ ಕೆ.ಜಿ. ಆ ಅಂಗಡಿಯ ಪದ್ಧತಿಯೇ ಅದು. ಮೊದಲು ತೂಕ ಹೊತ್ತು ತಿರುಗಬೇಕು, ಆಮೇಲೆ ಕೊಳ್ಳಬೇಕು.

"ರಜಾ ದಿನ ಇದನ್ನ ಹೊತ್ಕೊಂಡು ಮೆಟ್ಟಿಲು ಹತ್ತಿ, ಬಸ್ಸಲ್ಲಿ ನಿಂತ್ಕೊಳ್ಳಿ. ಹೆಗಲು ನೋವಾದ್ರೆ ಬಂದು ಹೇಳಿ, ಬೇರೆ ನೋಡೋಣ."

"ಕಬ್ಬಿಣ ಹೊತ್ಕೊಂಡು ಬಸ್ಸಲ್ಲಿ ಹೋಗ್ಬೇಕಾ? ಜನ ಏನಂದ್ಕೋತಾರೆ?"

"ಲ್ಯಾಪ್‌ಟಾಪ್ ತಗೋತಿದಾರೆ ಅಂದ್ಕೋತಾರೆ."

ಅವಳು ನಗಬಾರದೆಂದುಕೊಂಡಳು. ನಕ್ಕುಬಿಟ್ಟಳು.

ಹೆಗಲೇನೋ ನೋಯಲಿಲ್ಲ. ಆದರೂ ನಾಲ್ಕನೆಯ ದಿನ ಹೇಳಲೆಂದು ಹೋದಳು. ಏಳನೆಯ ದಿನವೂ ಹೋದಳು. ಹತ್ತನೆಯ ದಿನಕ್ಕೆ ಕಾರಣ ಹುಡುಕುವುದನ್ನೇ ಬಿಟ್ಟಳು.

ಹೋದಾಗಲೆಲ್ಲ ರಿಪೇರಿ ಮೇಜಿನ ಎದುರಿಗೆ ಅವನ ಮುಖಕ್ಕೆ ಮುಖ ಕೊಟ್ಟು ಕೂರುತ್ತಿದ್ದಳು. ಅವನು ಅವಳ ಹಳೆಯ ಬ್ಯಾಗಿನಿಂದ ಒಂದೊಂದೇ ಸಾಮಾನು ಹೊರಗೆ ತೆಗೆಸುತ್ತಿದ್ದ. ಎರಡನೇ ಚಾರ್ಜರ್, ಬಿಸಿಲಿಲ್ಲ ಮಳೆಯಿಲ್ಲ ಎಂದರೂ ಕೂತಿದ್ದ ಛತ್ರಿ, ಓದುತ್ತೇನೆಂದು ಎರಡು ವರ್ಷದಿಂದ ಹೊರುತ್ತಿದ್ದ ದಪ್ಪ ಕಾದಂಬರಿ.

"ಈ ಸ್ಟೀಲ್ ಬಾಟ್ಲಿ ಒಂದೇ ಮುಕ್ಕಾಲು ಕೆ.ಜಿ. ಇದೆ. ಬಿಟ್ಬಿಡಿ."

"ಅದು ನಮ್ಮಮ್ಮ ಕೊಟ್ಟಿದ್ದು. ಬಿಡಲ್ಲ."

"ಸರಿ, ಬಾಟ್ಲಿ ವಿಷ್ಯದಲ್ಲಿ ಸೋತೆ."

ಮನೆಯಲ್ಲಿ ಅಮ್ಮ ಕೇಳಿಯೇಬಿಟ್ಟಳು: "ಏನೇ ಇದು, ಲ್ಯಾಪ್‌ಟಾಪ್ ನೋಡಕ್ಕೆ ಹೋಗ್ತಿದೀಯೋ, ಹುಡುಗನ್ನ ನೋಡಕ್ಕೆ ಹೋಗ್ತಿದೀಯೋ?"

"ಅಮ್ಮಾ, ಸುಮ್ನಿರು," ಎಂದಳು ಮಗಳು. ಕೆನ್ನೆ ಮಾತ್ರ ಸುಮ್ಮನಿರಲಿಲ್ಲ, ಕೆಂಪಾಗಿತ್ತು.

ಆ ಸಂಜೆ ಅವಳು ಬ್ಯಾಗಿನ ಪಟ್ಟಿ ನೋಡಿಕೊಂಡಳು. ಹೆಗಲಿಗೆ ತಾಗುವ ಜಾಗದಲ್ಲಿ ಮೆತ್ತನೆಯ ಬಟ್ಟೆಯ ಪಟ್ಟಿಯೊಂದನ್ನು ಯಾರೋ ಒಳಗಿನಿಂದ ಹೊಲಿದಿದ್ದರು. ಹೊಲಿಗೆ ಅಂಕುಡೊಂಕು. ದರ್ಜಿ ಹಾಕಿದ್ದಲ್ಲ, ಸ್ಕ್ರೂಡ್ರೈವರ್ ಹಿಡಿಯುವ ಕೈ ಹಾಕಿದ್ದು.

*ಅವನಿಗೂ ನಾನು ಇಷ್ಟವಾ? ಇಷ್ಟ ಇಲ್ಲದಿದ್ರೆ ಯಾರಾದ್ರೂ ಇನ್ನೊಬ್ಬರ ಬ್ಯಾಗಿಗೆ ಕೂತು ಹೊಲಿಗೆ ಹಾಕ್ತಾರಾ?*

ಮರುದಿನ ಬಸ್ಸಿನಲ್ಲಿ ಇಡೀ ದಾರಿ ಒಂದೇ ಮಾತನ್ನು ಅಭ್ಯಾಸ ಮಾಡಿಕೊಂಡು ಹೋದಳು. ಇನ್ನೊಬ್ಬರ ಮಾತು ಎಷ್ಟು ಬೇಕಾದರೂ ಬರೆಯಬಲ್ಲವಳಿಗೆ ತನ್ನ ಒಂದು ಮಾತು ಬಾಯಿಂದ ಬರಲು ಅಷ್ಟು ಹೊತ್ತು ಬೇಕಿತ್ತು.

ಅಂಗಡಿಯಲ್ಲಿ ಅಂದು ಜನವೋ ಜನ. ಅವನು ಮೇಜಿನ ಮೇಲೆ ಬಗ್ಗಿ ಯಾರದೋ ಯಂತ್ರದ ಹೊಟ್ಟೆ ಬಿಚ್ಚಿ ಕೂತಿದ್ದ. ಅವಳ ಕುರ್ಚಿಯ ಮೇಲೆ ಡಬ್ಬಗಳು. ಅವಳು ಹೋಗಿ ಅವನ ಎಡಪಕ್ಕದಲ್ಲಿ ನಿಂತಳು. ಮೇಲೆ ಫ್ಯಾನು ಗರಗರ ಎನ್ನುತ್ತಿತ್ತು.

"ನೀವಂದ್ರೆ ನನಗೆ ತುಂಬಾ ಇಷ್ಟ," ಎಂದಳು. "ಲ್ಯಾಪ್‌ಟಾಪ್ ಬಂದ ಮೇಲೂ ನಾನು ಇಲ್ಲಿಗೆ ಬರ್ತಾ ಇರಬಹುದಾ?"

ಅವನು ತಲೆ ಎತ್ತಲಿಲ್ಲ.

ಒಂದು ಸ್ಕ್ರೂ ಬಿಚ್ಚಿದ. ಇನ್ನೊಂದು ಬಿಚ್ಚಿದ. ಆಮೇಲೆ ಸಾಮಾನಿಗೆಂದು ತಿರುಗಿದವನು ಅವಳನ್ನು ನೋಡಿ, ಅವಳ ಬ್ಯಾಗನ್ನು ನೋಡಿ, ನಗುತ್ತಾ ಕೇಳಿದ:

"ಆ ಬಾಟ್ಲಿ ಇನ್ನೂ ಬಿಟ್ಟಿಲ್ವಾ ನೀವು?"

ಅಷ್ಟೇ. ಅವಳ ಪಾಲಿಗೆ ಅದೇ ಉತ್ತರವಾಯಿತು.

ಹೇಗೆ ಹೊರಗೆ ಬಂದಳೋ ಅವಳಿಗೇ ಗೊತ್ತಿಲ್ಲ. *ಮಾತು ಮರೆಸಿದ... ಎಷ್ಟು ನಾಜೂಕಾಗಿ ಬೇಡ ಅಂದುಬಿಟ್ಟ! ನಾನೊಬ್ಬಳು ಪೆದ್ದಿ...* ಬಸ್ಸಿನ ಕಿಟಕಿಗೆ ಮುಖ ತಿರುಗಿಸಿ ಕೂತು ಮನಸಾರೆ ಅತ್ತಳು.

ಎರಡು ದಿನದ ನಂತರ ಅವನ ಅಕ್ಕ ಫೋನ್ ಮಾಡಿ, ಲ್ಯಾಪ್‌ಟಾಪ್ ಬಂದಿದೆ ಎಂದಾಗ, "ನನಗೆ ಬೇಡ," ಎಂದು ಇಟ್ಟುಬಿಟ್ಟಳು. ಮತ್ತೆ ಅದೇ ಹಳೆಯ ಭಾರದ ಯಂತ್ರ, ಅದೇ ಹೆಗಲು. ಹಟಕ್ಕೆ ಬಿದ್ದರೆ ಅವಳು ತನ್ನ ಕೈಯನ್ನೇ ಬಲಿ ಕೊಡುವವಳು.

ಇನ್ನೂ ಎರಡು ವಾರ ಹೀಗೇ ನಡೆಯಿತು. ಕೊನೆಗೊಂದು ಮಧ್ಯಾಹ್ನ ಕೈ ನಿಜವಾಗಿಯೂ ಸೋತಿತು.

ಔಷಧ ಶಾಸ್ತ್ರದ ತರಗತಿ. ಪಕ್ಕದಲ್ಲಿ ಕೂತಿದ್ದ ಹುಡುಗಿಗೆ ಹತ್ತನೆಯ ವರ್ಷದಲ್ಲಿ ಕಿವಿ ಹೋಗಿತ್ತು; ಮಾತು ಉಳಿದಿತ್ತು, ಅದೂ ಚೂರಿಯಷ್ಟು ಹರಿತ. ಮೇಡಂ ಮಕ್ಕಳಿಗೆ ಕೊಡುವ ಔಷಧದ ಪ್ರಮಾಣ ಹೇಳುತ್ತಿದ್ದರು. ಟಕಟಕಳ ಬೆರಳು ಮರಗಟ್ಟಿ ನಿಂತುಹೋಯಿತು. ಪರದೆಯ ಮೇಲೆ ಅರ್ಧ ವಾಕ್ಯ. ಸಂಖ್ಯೆ ಇಲ್ಲ.

ತರಗತಿ ಮುಗಿದ ಮೇಲೆ ಹುಡುಗಿ ಕೇಳಿದಳು: "ಇನ್ನು ಆರು ವಾರಕ್ಕೆ ನನ್ನ ಪರೀಕ್ಷೆ. ನೀವು ಕೈ ಬಿಟ್ರೆ ನನ್ನ ಕಥೆ ಏನಕ್ಕಾ? ಹಗುರದ್ದು ತಗೋತೀನಿ ಅಂದಿದ್ರಲ್ಲ, ಎಲ್ಲಿ ಅದು?"

ಇವಳು ಏನೋ ನೆಪ ಹೇಳಲು ಹೋದಳು. ತುಟಿ ಓದುವವರ ಮುಂದೆ ಬಚ್ಚಿಡುವುದು ಸುಲಭವಲ್ಲ. ಎಲ್ಲವೂ ಹೊರಬಂತು.

"ಅವರು ಬೇಡ ಅಂದ್ರೆ ಬಿಡ್ಲಿ, ಲ್ಯಾಪ್‌ಟಾಪ್ ಏನು ಪಾಪ ಮಾಡಿದೆ? ನಡೀರಿ," ಎಂದು ಹುಡುಗಿ ಅವಳನ್ನು ದರದರ ಎಳೆದುಕೊಂಡೇ ಹೋದಳು.

ಅಂಗಡಿಯಲ್ಲಿ ಅವನು ಗಿರಾಕಿಯೊಬ್ಬರ ಜೊತೆ ಮಾತಾಡುತ್ತಿದ್ದ. ಟಕಟಕ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಳು. ಹುಡುಗಿ ತಲೆ ತಗ್ಗಿಸುವವಳಲ್ಲ, ಅವನನ್ನೇ ನೋಡಿದಳು. ಅವನ ಅಕ್ಕ ಕರೆಯುವ ಬದಲು ಮೇಜನ್ನು ಎರಡು ಸಲ ತಟ್ಟಿದ್ದನ್ನು ನೋಡಿದಳು. ಗಿರಾಕಿ ಅವನ ಎಡಕ್ಕೆ ಸರಿದರೆ ಅವನೂ ಮೆಲ್ಲಗೆ ಸುತ್ತಿ ಬಲಗಡೆಯನ್ನೇ ಮುಂದೆ ಮಾಡಿದ್ದನ್ನು ನೋಡಿದಳು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಮೊಬೈಲಿನಲ್ಲಿ ಏನೋ ಒತ್ತಿ ಟಕಟಕಳ ಮೂಗಿನ ಮುಂದೆ ಹಿಡಿದಳು.

"ಅಕ್ಕಾ, ಅವರಿಗೆ ಎಡಗಿವಿ ಕೇಳಿಸಲ್ಲ. ನೀವು ಯಾವ ಕಡೆ ನಿಂತು ಹೇಳಿದ್ರಿ?"

ಅವಳು ಓದಿ, ರಿಪೇರಿ ಮೇಜಿನ ಕಡೆ ನೋಡಿದಳು.

ಎಡಗಡೆ. ಫ್ಯಾನಿನ ಕೆಳಗೆ. ಮೊದಲ ದಿನ "ಬೇಡ" ಎಂದದ್ದೂ ಎಡಗಡೆಯಿಂದಲೇ...

ಎಂಟು ವರ್ಷದಿಂದ ಕೇಳಿಸದವರ ಪಕ್ಕದಲ್ಲೇ ಕೂತವಳು! ಕೇಳಿಸಲಿಲ್ಲ ಎನ್ನುವ ಒಂದೇ ಒಂದು ಕಾರಣ ಅವಳ ತಲೆಗೆ ಹೊಳೆದಿರಲಿಲ್ಲ. ಕೊಬ್ಬು ಎಂದುಕೊಂಡಳು, ತಿರಸ್ಕಾರ ಎಂದುಕೊಂಡಳು. ನಾಚಿಕೆಯಿಂದ ಅವಳಿಗೆ ನೆಲ ಬಿರಿದರೆ ಇಳಿದುಹೋಗೋಣ ಎನಿಸಿತು.

ಗಿರಾಕಿ ಹೊರಟ ಮೇಲೆ ಅವನು ಅವಳನ್ನು ನೋಡಿದ. ಏನೂ ಕೇಳದೆ ಒಳಗಿನಿಂದ ಒಂದು ಡಬ್ಬ ತಂದು ಮೇಜಿನ ಮೇಲಿಟ್ಟ. "ಬೇಡ ಅಂದ್ರಂತೆ. ಆದ್ರೂ ಬೇರೆ ಯಾರಿಗೂ ಕೊಡಲಿಲ್ಲ."

ಅವಳು ಡಬ್ಬ ತೆರೆದು ಲ್ಯಾಪ್‌ಟಾಪ್ ಹೊರಗೆ ತೆಗೆದಳು. ಎದುರಿನ ಕುರ್ಚಿಗೆ ಹೋಗಲಿಲ್ಲ. ಅವನ ಎಡಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂತು ಟೈಪ್ ಮಾಡತೊಡಗಿದಳು. ಕೀಲಿಗಳು ಒಂದಿಷ್ಟೂ ಸದ್ದು ಮಾಡಲಿಲ್ಲ.

"ಹೊರಗೆ ಬಸ್ಸಿನ ಹಾರ್ನ್."

"ಮೇಲೆ ಫ್ಯಾನಿನ ಗರಗರ."

"ನಿಮ್ಮಕ್ಕ ನನ್ನ ಜೊತೆ ಬಂದ ಹುಡುಗಿಗೆ ಹೇಳ್ತಿದಾರೆ: ಸದ್ಯ, ಬಂದ್ರಲ್ಲ."

ಅವನ ಮುಖದ ನಗು ಹೋಯಿತು. ಗುಟ್ಟು ಬಯಲಾದದ್ದು ಅವನಿಗೆ ತಿಳಿಯಿತು. ಎದ್ದುಬಿಡುತ್ತಾನೇನೋ ಎಂದು ಅವಳಿಗೆ ಭಯವಾಯಿತು. ಎಂಟು ವರ್ಷದ ನಿಯಮವನ್ನು ಅವಳು ಆ ಗಳಿಗೆಯಲ್ಲಿ ಮುರಿದಳು.

"ಅವತ್ತು ನಾನು ಇದೇ ಕಡೆ ನಿಂತು ಹೇಳಿದ್ದು: ನೀವಂದ್ರೆ ನನಗೆ ತುಂಬಾ ಇಷ್ಟ. ಲ್ಯಾಪ್‌ಟಾಪ್ ಬಂದ ಮೇಲೂ ನಾನು ಇಲ್ಲಿಗೆ ಬರ್ತಾ ಇರಬಹುದಾ?"

ಅವನು ಓದಿದ. ಮತ್ತೆ ಮೊದಲಿನಿಂದ ಓದಿದ.

"ಅದಕ್ಕೆ ನಾನು ಬಾಟ್ಲಿ ವಿಷಯ ಮಾತಾಡಿದ್ನಾ?" ಎಂದ ಮೆಲ್ಲಗೆ.

"ಹೂಂ."

"ಅಯ್ಯೋ ದೇವರೇ." ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಮತ್ತೆ ಕೈ ತೆಗೆದು ಹೇಳಿದ: "ಮೊದಲ ದಿನಾನೇ ಹೇಳ್ಬೇಕಿತ್ತು ನಾನು. ನಿಮ್ಮ ಕೆಲಸ ಏನು ಅಂತ ಗೊತ್ತಾದ ಮೇಲೆ ಹೇಳಕ್ಕೆ ಇನ್ನೂ ಕಷ್ಟ ಆಯ್ತು. ದಿನವೆಲ್ಲ ಕೇಳಿಸದವರ ಜೊತೆ ಇರ್ತೀರಿ. ನಿಮಗೆ ನಾನೂ ಒಂದು ಕೆಲಸ ಆಗಿಬಿಡ್ತೀನೇನೋ ಅಂತ ಭಯ."

ಅವಳ ಕಣ್ಣು ತುಂಬಿ ಬಂತು. "ಕೆಲಸ ಆಗಿದ್ರೆ ಇವತ್ತು ನನ್ನ ಮಾತು ಬರೀತಿರಲಿಲ್ಲ. ಇವತ್ತು ಬರೆದಿರೋದು ಬರೀ ನಂದೇ," ಎಂದಳು, ಅವನಿಗೆ ಕಾಣುವ ಹಾಗೆ ಮುಖ ತಿರುಗಿಸಿ.

ಅವನು ಕೈ ಚಾಚಿ, ಒಂದೇ ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ, ಅವಳ ಸಾಲಿನ ಕೆಳಗೆ ಒತ್ತಿದ. ನಿಮಿಷಕ್ಕೆ ನೂರು ಪದ ಟೈಪ್ ಮಾಡುವವಳು ಉಸಿರು ಬಿಗಿಹಿಡಿದು ಕಾದಳು.

"ದಿನಾ ಬನ್ನಿ. ನನಗೂ ನೀವು ತುಂಬಾ ಇಷ್ಟ."

"ಪಕ್ಕದಿಂದ ಕಾಣಿಸ್ತಾ ಇದೆಯಾ?" ಎಂದು ಕೇಳಿದ.

"ಎಲ್ಲಾ ಕಾಣಿಸ್ತಿದೆ," ಎಂದಳು ಅವಳು. ಕಣ್ಣೀರಿನಲ್ಲಿ ನಿಜ ಹೇಳಬೇಕೆಂದರೆ ಏನೂ ಕಾಣುತ್ತಿರಲಿಲ್ಲ.

ಅತ್ತ ಔಷಧ ಶಾಸ್ತ್ರದ ಹುಡುಗಿ ಅವನ ಅಕ್ಕನನ್ನು ಜೋರಾಗಿ ಕೇಳುತ್ತಿದ್ದಳು: "ಬಿಲ್ ಮಾಡ್ತೀರಾ, ಇಲ್ಲ ಇವರು ಮುಗಿಸೋ ತನಕ ಕಾಯ್ಬೇಕಾ?"

ಹೊರಡುವಾಗ ಹೊಸ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿ, ತಕ್ಕಡಿಯ ಮೇಲಿಟ್ಟು ನೋಡಿದ್ದಾಯಿತು. ಬಾಟಲಿಯೂ ಸೇರಿ ಎರಡೂಮುಕ್ಕಾಲು ಕೆ.ಜಿ. ಅವನು ಬಾಟಲಿಯ ಬಗ್ಗೆ ಚಕಾರವೆತ್ತಲಿಲ್ಲ. ಬ್ಯಾಗಿಗೆ ಕೈ ಹಾಕಲು ಹೋಗಿ, ನಿಂತು, ಅವಳ ಮುಖ ನೋಡಿದ.

"ಬಸ್ ಸ್ಟಾಪ್ ತನಕ ನಾನು ಹೊರಲಾ?"

ಅವಳು ಅವನ ಹಿಂದಿನಿಂದ ಸುತ್ತಿ ಬಂದು ಬಲಗಡೆ ನಿಂತಳು.

"ಹೊರಿ," ಎಂದಳು. "ಈಗ ಕೇಳಿಸ್ತಾ?"

"ಕೇಳಿಸ್ತು. ಇನ್ನೊಂದ್ಸಲ ಹೇಳಿ."