ಪಕ್ಕದ ಸೀಟಿನಿಂದ ಎದ್ದುಹೋದವನು

ಛಿಲ್ಲನೆ ಮುಖಕ್ಕೆ ನೀರು ಹಾರಿತು!

ಬಾರ್ಸಿಲೋನಾದ ಮಧ್ಯಾಹ್ನ. ಹೋಟೆಲಿನ ಹೊರಗಿನ ಮೇಜಿನ ಬಳಿ ಕೂತು ಸುಟ್ಟ ಮೀನಿಗೆ ನಿಂಬೆ ಹಿಂಡುತ್ತಿದ್ದ ಸಿಗ್ರುನ್ ಬೆಚ್ಚಿ ಎದ್ದು ನಿಂತಳು. ರಸ್ತೆ ತುಂಬ ಮೆರವಣಿಗೆ. ಡೋಲು, ಸೀಟಿ, ಬಟ್ಟೆಯ ಮೇಲೆ ಬರೆದ ಕೆಂಪು ಅಕ್ಷರಗಳು. "ಪ್ರವಾಸಿಗರೇ, ವಾಪಸ್ ಹೋಗಿ! ನಮ್ಮ ಮನೆ ನಮಗೆ ಬಿಡಿ!"

ಸಿಟ್ಟಿನಲ್ಲಿ ಅವಳ ಬಾಯಿಂದ ತಾಯಿನುಡಿಯೇ ಹೊರಬಿತ್ತು. "ಯಾವ ಕತ್ತೆ ಅದು?"

"ನಾನೇ... ತಪ್ಪಾಯ್ತು."

ಅವಳು ದಂಗಾದಳು. ಉತ್ತರ ಬಂದದ್ದು ನಾರ್ವೆಯ ಮಾತಿನಲ್ಲಿ. ಅದೂ ಅವಳದೇ ಊರು ಬರ್ಗನ್‌ನ, ಗಂಟಲಲ್ಲೇ ಉರುಳುವ ರಕಾರದಲ್ಲಿ! ಕೆಂಪು ಗಡ್ಡದ ಉದ್ದನೆಯ ಮನುಷ್ಯನೊಬ್ಬ ನೀರು ಚಿಮ್ಮುವ ಹಸಿರು ಪ್ಲಾಸ್ಟಿಕ್ ಪಿಸ್ತೂಲು ಹಿಡಿದು ಪೆಚ್ಚಾಗಿ ನಿಂತಿದ್ದ.

"ನೀನೂ ನನ್ ಥರಾನೇ ರಜಾಕ್ಕೆ ಬಂದೋನು ತಾನೇ? ನಾಚ್ಕೆ ಆಗಲ್ವಾ?"

"ಆಗ್ತಿದೆ. ಅದಕ್ಕೇ ಈ ಕಡೆ ನಿಂತಿದೀನಿ."

ನಮ್ಮ ನಾರ್ವೆಯಲ್ಲಿ ರಾಜನೊಬ್ಬನನ್ನು ಬಿಟ್ಟರೆ ಎಲ್ಲರೂ ಎಲ್ಲರಿಗೂ 'ನೀನು'. ಆದರೂ ಈ ಅಪರಿಚಿತನ ಮಾತಿನ ಸಲುಗೆ ಅವಳನ್ನು ಯಾಕೋ ತಟ್ಟಿತು.

ಅವನು ಪಕ್ಕದಲ್ಲಿದ್ದ ಗಿಡ್ಡ ಅಜ್ಜಿಯ ಹೆಗಲ ಮೇಲೆ ಕೈಯಿಟ್ಟ. "ಇವರು ರೆಮೇಯ್. ಪಿಸ್ತೂಲು ಇವರದ್ದೇ. ಕೈ ನೋಯ್ತು ಅಂತ ನಂಗೆ ಕೊಟ್ರು. ನಾನು ಇಳ್ಕೊಂಡಿರೋ ಕೋಣೆ ಇವರ ಮನೇದು, ಗೊತ್ತಾ? ನಮ್ಮಂಥೋರಿಗೆ ದಿನದ ಬಾಡಿಗೆಗೆ ಕೊಡೋಕೆ ಇವರನ್ನ ಬೀದಿಗೆ ಹಾಕಿದ್ರು."

ಸಿಗ್ರುನ್‌ಳ ಕೈಯಲ್ಲಿದ್ದ ನಿಂಬೆ ಹೋಳು ಜಾರಿತು. ಅವಳು ಇಳಿದುಕೊಂಡಿದ್ದ ಕೋಣೆಯ ಬಾಗಿಲ ಚೌಕಟ್ಟಿನಲ್ಲೂ ಪೆನ್ಸಿಲ್ ಗೆರೆಗಳಿದ್ದವು. ಯಾರದೋ ಮಕ್ಕಳು ವರ್ಷವರ್ಷ ಬೆಳೆದ ಎತ್ತರ. ಎಷ್ಟು ಮುದ್ದಾಗಿದೆ ಎಂದು ಬೆಳಿಗ್ಗೆಯಷ್ಟೇ ಫೋಟೋ ತೆಗೆದಿದ್ದಳು...

*ಆ ಮಕ್ಕಳು ಈಗ ಎಲ್ಲಿ?*

ಅವಳು ಮೀನು ಬಿಟ್ಟು ಬಂದು, ರೆಮೇಯಳ ಇನ್ನೊಂದು ಪಕ್ಕದಲ್ಲಿ ನಡೆಯತೊಡಗಿದಳು.

ಅವನ ಹೆಸರು ಹಾಲ್ವರ್. ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸುವ ಮೇಷ್ಟ್ರು. ಅವಳು ಬರ್ಗನ್‌ನಲ್ಲಿ ಟ್ರಾಮ್ ಓಡಿಸುವವಳು. ಒಂದೇ ಊರಿನವರು ಒಬ್ಬರಿಗೊಬ್ಬರು ಸಿಗಲು ಖಂಡದ ಆ ತುದಿಗೆ ಹೋಗಬೇಕಾಯಿತು!

ಅಲ್ಲಿಂದ ಇಬ್ಬರ ರೈಲೂ ಒಂದೇ ಆಯಿತು. ಜಿನೋವಾ, ವೆನಿಸ್, ವಿಯೆನ್ನಾ.

ಅವರು ಗೋಪುರಗಳಿಗೆ ತಲೆಯೆತ್ತಲಿಲ್ಲ. ಒಣಹಾಕಿದ ಬಟ್ಟೆ ಹುಡುಕಿದರು! ಒಣಗುವ ಬಟ್ಟೆ ಕಂಡರೆ ಆ ಕಿಟಕಿಯ ಹಿಂದೆ ಊರಿನವರು ಇನ್ನೂ ಬದುಕಿದ್ದಾರೆ ಎಂದರ್ಥ. ಮೊದಲು ಕಂಡವರು ಗೆದ್ದಂತೆ.

ವೆನಿಸ್‌ನಲ್ಲಿ ಓಣಿ ಓಣಿ ಸುತ್ತಿದರೂ ಬರೀ ಬಿಳಿ ಹೋಟೆಲ್ ಚಾದರಗಳು. ಕೊನೆಗೆ ಒಂದು ಮೂಲೆಯಲ್ಲಿ ಮಗುವಿನ ಹಳದಿ ಕಾಲುಚೀಲ ಕಂಡಾಗ ಸಿಗ್ರುನ್ ಕೂಗಿಕೊಂಡಳು. ಆಮೇಲೆ ಅವಳ ಕಣ್ಣು ತುಂಬಿತು. ಒಂದು ಊರನ್ನು ಅಂಗಡಿ ಸಾಮಾನಿನಂತೆ ಮಾರಿಬಿಟ್ಟು, ಅದರ ಮುಂದೆ ನಿಂತು ನಗುವ ಫೋಟೋ ತೆಗೆಸಿಕೊಳ್ಳುತ್ತೇವಲ್ಲ! ನಾವು ನೋಡಲು ಹೋದದ್ದು ಊರನ್ನೋ, ಅದರ ಹೆಣವನ್ನೋ?

ವಿಯೆನ್ನಾದಲ್ಲಿ ನಗರಸಭೆಯೇ ಕಟ್ಟಿ ಬಾಡಿಗೆಗೆ ಕೊಟ್ಟ ಮನೆಗಳ ದೊಡ್ಡ ಅಂಗಳ. ಬಾಲ್ಕನಿ ಬಾಲ್ಕನಿಯಲ್ಲೂ ಪೈಜಾಮ, ಲಂಗ, ಟವೆಲ್!

"ಆಟ ಮುಗೀತು," ನಕ್ಕ ಹಾಲ್ವರ್. "ಇಲ್ಲಿ ಊರೇ ಗೆದ್ದಿದೆ."

ಬೆಂಚಿನ ಮೇಲೆ ಅವನ ಬೆರಳು ಅವಳ ಬೆರಳ ಪಕ್ಕಕ್ಕೆ ಬಂದು ನಿಂತಿತು. ಮುಟ್ಟಲಿಲ್ಲ. *ಮುಟ್ಟೋ ಮಾರಾಯ...* ಊರಿಗೆ ಹೋಗಿ ಹೇಳಿಬಿಡಬೇಕು ಎಂದುಕೊಂಡಳು.

ಆದರೆ ಊರು ಹತ್ತಿರವಾದಂತೆ ಇಬ್ಬರೂ ಮತ್ತೆ ಸಂಕೋಚದ ನಾರ್ವೆಯವರಾದರು.

ಓಸ್ಲೋದಿಂದ ಬರ್ಗನ್‌ಗೆ ಹೊರಟ ರೈಲು. ದಾರಿಯಲ್ಲಿ ಹಿಂದಿನ ಸೀಟಿನ ಒಂದು ಕುಟುಂಬ ಇಳಿದುಹೋಯಿತು. ಸಿಗ್ರುನ್ ಊಟದ ಬೋಗಿಗೆ ಹೋಗಿ, ಎರಡು ಲೋಟ ಕಾಫಿ ಹಿಡಿದು ಹುಷಾರಾಗಿ ವಾಪಸ್ ಬಂದಳು.

ಅವನು ಪಕ್ಕದ ಸೀಟಿನಲ್ಲಿರಲಿಲ್ಲ!

ಹಿಂದಿನ ಖಾಲಿ ಸೀಟಿಗೆ ಹೋಗಿ, ಕಣ್ಣು ಮುಚ್ಚಿ ಕೂತಿದ್ದ.

*ಅಂದರೆ... ರಜಾ ಮುಗಿಯಿತು. ನಾನೂ ಮುಗಿದೆ.*

ಎರಡೂ ಲೋಟ ಕಾಫಿ ತಾನೇ ಕುಡಿದಳು. ಅವನು ಬಿಟ್ಟ ಸೀಟಿನ ಮೇಲೆ ತನ್ನ ಬ್ಯಾಗ್ ಎತ್ತಿಟ್ಟಳು. ಕಣ್ಣು ಬಿಟ್ಟ ಹಾಲ್ವರ್ ಆ ಬ್ಯಾಗ್ ನೋಡಿದ. ಮತ್ತೆ ಕಣ್ಣು ಮುಚ್ಚಿದ.

ಬರ್ಗನ್ ನಿಲ್ದಾಣದಲ್ಲಿ, "ಪ್ರವಾಸಕ್ಕೆ ಥ್ಯಾಂಕ್ಸ್," ಅಂದ.

"ಪ್ರವಾಸಕ್ಕೆ ಥ್ಯಾಂಕ್ಸ್," ಅಂದಳು.

ನಾವು ಇದನ್ನು ಬಸ್ ಡ್ರೈವರ್‌ಗೂ ಹೇಳುತ್ತೇವೆ.

"ಏನೇ, ಅಷ್ಟು ಊರು ಸುತ್ತಿ ಬಂದು ಮುಖ ಯಾಕೆ ಹಿಂಗೆ ಊದಿಸ್ಕೊಂಡಿದೀಯ?" ಟ್ರಾಮ್ ಡಿಪೋದಲ್ಲಿ ಗೆಳತಿ ಬೋರ್ಗಿಲ್ ಕೇಳಿದಳು. ಎಲ್ಲ ಕೇಳಿಸಿಕೊಂಡು, "ಫೋನ್ ಮಾಡು," ಅಂದಳು.

"ಎದ್ದು ಹೋದೋನು ಅವನು. ನಾನ್ಯಾಕೆ ಮಾಡ್ಲಿ?"

"ಸರಿ ಬಿಡು, ಟ್ರಾಮನ್ನೇ ಮದುವೆ ಆಗು. ಅದು ಎಲ್ಲಿಗೂ ಎದ್ದು ಹೋಗಲ್ಲ!"

ಸೆಪ್ಟೆಂಬರ್ ಬಂತು. ಸಿಗ್ರುನ್‌ಳ ಕಟ್ಟಡದ ಬಾಗಿಲಿಗೇ ದಿನದ ಬಾಡಿಗೆಯ ಪ್ರವಾಸಿಗರಿಗೆ ಕೀಲಿ ಇಡುವ ಪೆಟ್ಟಿಗೆ ಬಂತು. ಮೇಲಿನ ಮನೆಯ ವಿಧವೆ ಓಲೌಗ್ ಮನೆ ಖಾಲಿ ಮಾಡಬೇಕಾಗಿ ಬಂದು ಸಾಮಾನು ಕಟ್ಟಿಕೊಂಡು ಹೋದಳು. ಸಿಗ್ರುನ್ ಅವಳ ಬಾಗಿಲು ತಟ್ಟಲಿಲ್ಲ. ತೊಂದರೆ ಕೊಡಬಾರದು ಅಂತ...

ಒಂದು ಭಾನುವಾರ ಅವಳು ಉಲ್ರಿಕನ್ ಬೆಟ್ಟ ಹತ್ತುತ್ತಿದ್ದಳು. ಕೆಳಗೆ, ಊರಿನಲ್ಲಿ, ಪಕ್ಕದ ಮನೆಯವರನ್ನೂ ನಾವು ಮಾತಾಡಿಸುವುದಿಲ್ಲ. ಬೆಟ್ಟದಲ್ಲಿ ಹಾಗಲ್ಲ! ಎದುರಾದವರಿಗೆಲ್ಲ 'ಹೇ' ಎನ್ನಲೇಬೇಕು. ಅನ್ನದಿದ್ದರೆ ಅವಮಾನ.

ಇಕ್ಕಟ್ಟಾದ ಕಲ್ಲುಮೆಟ್ಟಿಲು. ಮೇಲಿನಿಂದ ಕೆಂಪು ಗಡ್ಡವೊಂದು ಇಳಿದು ಬಂತು.

ತಿರುಗಿ ಓಡಲು ಜಾಗವಿಲ್ಲ.

"ಹೇ..."

"ಹೇ..."

ದಾಟಿದರು. ಅವಳು ಒಂದು ಮೆಟ್ಟಿಲು ಹತ್ತಿದಳು. ಇನ್ನೊಂದು ಆಗಲಿಲ್ಲ.

"ಹಾಲ್ವರ್! ರೈಲಲ್ಲಿ ಯಾಕೆ ಎದ್ದು ಹೋದೆ?"

ಅವನು ತಿರುಗಿ ನಿಂತ. ನಿಜವಾಗಿಯೂ ಅರ್ಥವಾಗಿರಲಿಲ್ಲ. "ಹಿಂದಿನ ಸೀಟು ಖಾಲಿ ಆಯ್ತಲ್ಲ!"

"ಅದಕ್ಕೆ?"

"ಸೀಟು ಖಾಲಿ ಇದ್ರೂ ಅಂಟ್ಕೊಂಡೇ ಕೂತಿದ್ರೆ ನೀನೇನು ಅಂದ್ಕೋತಿದ್ದೆ? ನೀನು ಕಾಲು ಚಾಚಿ ಆರಾಮಾಗಿರ್ಲಿ ಅಂತ..."

"ನನ್ ಕೈಲಿ ಎರಡು ಕಾಫಿ ಇತ್ತು ಕಣೋ, ಮಂಕೇ! ಎರಡೂ ನಾನೇ ಕುಡ್ದೆ!"

"ಹೇ ಹೇ!" ನಾಯಿ ಹಿಡಿದ ಮುದುಕನೊಬ್ಬ ಇಬ್ಬರ ನಡುವೆ ನುಸುಳಿದ.

"ಹೇ!" ಇಬ್ಬರೂ ಅವನಿಗೆ ನಕ್ಕರು. ಮತ್ತೆ ಜಗಳಕ್ಕೆ ಮರಳಿದರು.

"ನೀನು ಬ್ಯಾಗ್ ಇಟ್ಟೆ," ಅವನ ದನಿ ಇಳಿಯಿತು. "ನಾನು ಮತ್ತೆ ಬರಬಾರದು ಅಂತ ತಾನೇ?"

"ಅಳು ಬರ್ತಿತ್ತು. ನೀನು ನೋಡಬಾರದು ಅಂತ ಅಡ್ಡ ಇಟ್ಕೊಂಡೆ."

ಇಡೀ ನಾಡೇ ಹೀಗೆ! ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟೂ ಬಿಟ್ಟುಕೊಟ್ಟೂ ಒಂಟಿಯಾಗುತ್ತೇವೆ. ಅದಕ್ಕೆ ಮರ್ಯಾದೆ ಎಂದು ಹೆಸರಿಡುತ್ತೇವೆ. ಪಕ್ಕದ ಮನೆಯವಳನ್ನು ಹೊರಗೆ ಹಾಕಿದಾಗಲೂ ಅದೇ ಮರ್ಯಾದೆಯಿಂದ ಬಾಗಿಲು ಮುಚ್ಚಿಕೊಂಡಿರುತ್ತೇವೆ.

ಸಿಗ್ರುನ್ ಮೆಟ್ಟಿಲಿಳಿದು ಅವನ ಎದುರು ನಿಂತಳು. "ಓಲೌಗ್ ಹೋಗ್ಬಿಟ್ಳು, ಹಾಲ್ವರ್. ನಾನು ಒಂದು ಮಾತು ಕೇಳ್ಲಿಲ್ಲ. ಇನ್ನೊಬ್ರು ಹೋಗೋಕೆ ಮೊದ್ಲು ಎಲ್ಲ ಸೇರಿ ಮಾತಾಡೋಣ ಅಂತ ಇವತ್ತು ಸಂಜೆ ಕಟ್ಟಡದ ಎಲ್ಲರ ಬಾಗ್ಲೂ ತಟ್ತೀನಿ. ಬೈದ್ರೆ ಬೈಲಿ."

"ನಾನೂ ಬರ್ತೀನಿ."

"ಪಿಸ್ತೂಲು ತರಬೇಡ!"

ಅವನು ಗಟ್ಟಿಯಾಗಿ ನಕ್ಕ. ನಗುತ್ತಲೇ, ವಿಯೆನ್ನಾದಲ್ಲಿ ನಿಂತುಹೋಗಿದ್ದ ಬೆರಳನ್ನು ಅವಳ ಬೆರಳಿಗೆ ಹೆಣೆದ.

ಬೆಟ್ಟದ ಬುಡದಲ್ಲಿ ಬಸ್ ಬಂತು. ಸಿಗ್ರುನ್ ಮೊದಲು ಹತ್ತಿ ಕಿಟಕಿ ಪಕ್ಕ ಕೂತಳು. ಬಸ್ಸಿನ ತುಂಬ ಖಾಲಿ ಸೀಟು. ನಾಯಿಯ ಮುದುಕ ಮಾತ್ರ ಹಿಂದೆ ಕೂತಿದ್ದ.

ಹಾಲ್ವರ್ ಅಷ್ಟೂ ಖಾಲಿ ಸೀಟುಗಳನ್ನು ದಾಟಿ ಬಂದು ಅವಳ ಮುಂದೆ ನಿಂತ.

"ಇಲ್ಲಿ ಕೂರ್ಲಾ?"

"ಅಷ್ಟೊಂದು ಸೀಟು ಖಾಲಿ ಇದೆಯಲ್ಲ," ಅಂದಳು.

"ನೋಡ್ದೆ. ನಂಗೆ ಇದೇ ಬೇಕು... ಯಾವಾಗ್ಲೂ."

ಅವಳು ಸೀಟಿನ ಮೇಲಿದ್ದ ಬ್ಯಾಗನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಮುದುಕ ಕತ್ತು ಚಾಚಿ ನೋಡಿದ.

"ಅವರು ನೋಡ್ತಿದಾರೆ," ಹಾಲ್ವರ್ ಪಿಸುಗುಟ್ಟಿದ.

"ನೋಡ್ಲಿ," ಸಿಗ್ರುನ್ ಅವನ ಹೆಗಲಿಗೆ ತಲೆಯಿಟ್ಟಳು. "ಇನ್ನೂ ಹತ್ರ ಬಾ."